ಬಿಫೋರ್, ಸಿನ್ಸ್, ಆಫ್ಟರ್: ಮುಂದೇನಿದೆ ಅಂತ ನೋಡಿ

ಇಂಗ್ಲಿಷ್ ಕಲಿಯುತ್ತಿರುವವರಿಗೆ ಒಂದು ಸಣ್ಣ ಸಲಹೆ. ಯಾವುದು ಪ್ರಿಪೊಸಿಷನ್ (ನಾಮಪದದ ಜೊತೆ ಸೇರಿ ಸಂಬಂಧ ಹೇಳುವ ಪದ), ಯಾವುದು ಕಂಜಂಕ್ಷನ್ (ವಾಕ್ಯ ಜೋಡಿಸುವ ಪದ) ಅಂತ ಪಟ್ಟಿ ಬಾಯಿಪಾಠ ಮಾಡಬೇಡಿ. ಎಷ್ಟೋ ಸಲ ಒಂದೇ ಪದ ಮೂರು ಕೆಲಸ ಮಾಡುತ್ತದೆ. ಅದರ ಮುಂದೆ ಏನು ಬಂದಿದೆ ಅಂತ ನೋಡಿದರೆ ಸಾಕು.

‘ಬಿಫೋರ್’ ತೆಗೆದುಕೊಳ್ಳಿ. ‘ಕಾಲ್ ಮಿ ಬಿಫೋರ್ ದ ಮೀಟಿಂಗ್’: ಮುಂದೆ ಬರೀ ನಾಮಪದ ಇದೆ, ಹಾಗಾಗಿ ಪ್ರಿಪೊಸಿಷನ್. ‘ಕಾಲ್ ಮಿ ಬಿಫೋರ್ ಯು ಲೀವ್’: ಕರ್ತೃ, ಕ್ರಿಯಾಪದ ಎರಡೂ ಇವೆ, ಅಂದರೆ ಕಂಜಂಕ್ಷನ್. ‘ವಿ ಹ್ಯಾವ್ ಮೆಟ್ ಬಿಫೋರ್’: ಮುಂದೆ ಏನೂ ಇಲ್ಲ, ಇದು ಆಡ್ವರ್ಬ್, ಅಂದರೆ ಕ್ರಿಯಾವಿಶೇಷಣ. ‘ಸಿನ್ಸ್’ ಕೂಡ ಹೀಗೆಯೇ. ‘ಆಫ್ಟರ್’ ಮಾತ್ರ ಒಂಟಿಯಾಗಿ ಬರುವುದು ಕಡಿಮೆ, ಅಲ್ಲಿ ‘ಆಫ್ಟರ್‌ವರ್ಡ್ಸ್’ ಜಾಸ್ತಿ ಬಳಕೆ.

ಪ್ರಿಪೊಸಿಷನ್ ಆದಮೇಲೆ ಕ್ರಿಯೆ ಹೇಳಬೇಕಾದರೆ ‘ಇಂಗ್’ ರೂಪ ಹಾಕಿ: ‘ಬಿಫೋರ್ ಲೀವಿಂಗ್’.

ನಾವು ಜಾಸ್ತಿ ಎಡವುವುದು ‘ಆಲ್ದೋ’ ಹತ್ತಿರ ಅನ್ನಿಸುತ್ತದೆ. ‘ಆಲ್ದೋ ಇಟ್ ವಾಸ್ ರೇನಿಂಗ್, ಬಟ್ ವಿ ವೆಂಟ್ ಔಟ್’ ಅಂತೀವಿ, ಅಲ್ವಾ? ಎರಡು ವಾಕ್ಯ ಜೋಡಿಸಲು ಒಂದು ಕಂಜಂಕ್ಷನ್ ಸಾಕು. ಸುಮ್ನೆ ‘ಬಟ್’ ಕಿತ್ತುಹಾಕಿ. ‘ಡಿಸ್ಪೈಟ್’ ಬಳಸಿದರೆ ‘ಡಿಸ್ಪೈಟ್ ದ ರೇನ್’ ಅಷ್ಟೇ. ‘ಆಫ್’ ಬೇಕಾಗುವುದು ‘ಇನ್ ಸ್ಪೈಟ್’ ಜೊತೆಗೆ.

ಇನ್ನು ‘ಹೌಎವರ್’. ನೋಡೋಕೆ ‘ಬಟ್’ ತರಹ ಇದ್ದರೂ ಅದು ಆಡ್ವರ್ಬ್, ಎರಡು ವಾಕ್ಯ ಅಂಟಿಸುವ ಶಕ್ತಿ ಅದಕ್ಕಿಲ್ಲ. ಬರೆಯುವಾಗ ಮೊದಲ ವಾಕ್ಯಕ್ಕೆ ಫುಲ್‌ಸ್ಟಾಪ್ ಇಟ್ಟು, ಆಮೇಲೆ ‘ಹೌಎವರ್’ ಬರೆದು ಕಾಮಾ ಹಾಕಿ.