ಇಲಿ ಕಾರಿನ ವೈಯರ್ ಕಡದ್ರ ಏನ್ ಮಾಡಬೇಕು?

ಶ್ರಾವಣದ ಜಿಟಿಜಿಟಿ ಮಳಿ. ಧಾರವಾಡದ ಸಪ್ತಾಪುರದಾಗ ನಮ್ಮ ಕಾರು ನಾಕು ದಿನ ನಿಂತಲ್ಲೇ ನಿಂತಿತ್ತು. ಐದನೇ ದಿನ ಚಾವಿ ತಿರುವಿದ್ರ ಇಂಜಿನ್ ಗಡಗಡ ನಡುಗಿತು, ಹಳದಿ ದೀಪ ಹತ್ತಿತು. ಬಾನೆಟ್ ಎತ್ತಿದೆ: ಬ್ಯಾಟರಿ ಮ್ಯಾಲೆ ಶೇಂಗಾ ಸಿಪ್ಪಿ, ಹಿಕ್ಕಿ, ಇಂಜೆಕ್ಟರ್ ವೈಯರಿನ ತಾಮ್ರ ಹೊರಗ ಬಂದಿತ್ತು.

ಹಿಂಗಾದ್ರ ಮತ್ತ ಮತ್ತ ಸ್ಟಾರ್ಟ್ ಮಾಡಬ್ಯಾಡ್ರಿ, ಶಾರ್ಟ್ ಆಗಿ ಬೆಂಕಿ ಹತ್ತಬಹುದು. ವಿಮೆಗೆ ಬೇಕಾಗ್ತದ, ಫೋಟೋ ತಕ್ಕೊಳ್ರಿ. ಆಮ್ಯಾಲೆ ಬ್ಯಾಟರಿಯ ಮೈನಸ್ ತುದಿ ಬಿಚ್ರಿ. ಹಿಕ್ಕಿ ಒಣಾ ಕಸಬರಗಿಲೆ ಗುಡಿಸಬಾರದು. ಗ್ಲೌಸ್, ಮಾಸ್ಕ್ ಹಾಕ್ಕೊಂಡು ಹಸಿ ಅರಬಿಲೆ ಒರಸ್ರಿ. ಇಲಿ ಉಚ್ಚಿಯಿಂದ ಇಲಿಜ್ವರ ಬರ್ತದ.

ಒಂದೆರಡು ವೈಯರ್ ಆದ್ರ ನಾವ ಜೋಡಿಸಬಹುದು. ಕಡದ ಭಾಗ ಕತ್ತರಿಸಿ, ಅಷ್ಟೇ ದಪ್ಪದ ತುಂಡು ತಕ್ಕೊಳ್ರಿ. ಮೊದಲ ಹೀಟ್ ಶ್ರಿಂಕ್ ಕೊಳವಿ (ಬಿಸಿ ಮಾಡಿದ್ರ ಕುಗ್ಗಿ ಜೋಡಿನ ಮ್ಯಾಲೆ ಬಿಗಿಯಾಗೋ ಪ್ಲಾಸ್ಟಿಕ್ ಕೊಳವಿ) ಏರಿಸಿ, ಆಮ್ಯಾಲೆ ಬೆಸುಗಿ. ನನಗ ಬೆಸುಗಿ ಹಾಕಿದ ಮ್ಯಾಲೆ ಕೊಳವಿ ನೆನಪಾತು, ಮತ್ತ ಬಿಚ್ಚಿದೆ! ಜೋಡುಗಳು ಒಂದರ ಬಾಜೂಕ ಒಂದು ಬರಬಾರದು, ಹಿಂದ ಮುಂದ ಇರಲಿ. ಬರೇ ಟೇಪ್ ಸುತ್ತಿದ್ರ ಬಿಸಿಗೆ ಬಿಚ್ಚತದ. ಹಳದಿ ಏರ್‌ಬ್ಯಾಗ್ ವೈಯರ್ ಮಾತ್ರ ಎಲೆಕ್ಟ್ರಿಷಿಯನ್‌ಗೆ ಬಿಡ್ರಿ. 10 ಆಂಪ್ ಫ್ಯೂಸ್ ಹೋಗಿದ್ರ 10ರದ್ದ ಹಾಕ್ರಿ.

ತಂಬಾಕಿನ ಎಲಿ ಇಡಪಾ ಅಂದ್ರು ಬಾಜೂ ಮನಿ ಕಾಕಾ. ಇಟ್ಟೆ. ವಾಸನಿ ಹೋದ ಮ್ಯಾಲೆ ಇಲಿ ಅದರ ಮ್ಯಾಲೇ ಹಿಕ್ಕಿ ಹಾಕಿತ್ತು. ಪಾಷಾಣ ಅಂತೂ ಬ್ಯಾಡ. ಎಸಿ ಕೊಳವ್ಯಾಗ ಸತ್ರ ವಾರಗಟ್ಟಲೆ ನಾರ್ತದ. ನನಗ ಫಲ ಕೊಟ್ಟಿದ್ದು ಸುಟ್ಟ ಕೊಬ್ಬರಿ ಸಿಗಿಸಿದ ಬೋನು, ಮತ್ತ ರಾತ್ರಿ ಬಾನೆಟ್ ಎತ್ತಿಡೂದು. ಈಗ ಅಲ್ಲಿ ಓಣಿ ಬೆಕ್ಕು ಮಲಗ್ತದ. ಮುಂಜಾನೆ ಅದನ್ನ ಎಬ್ಬಿಸಿನ ಬಾನೆಟ್ ಮುಚ್ಚಬೇಕು.