ತಿದ್ದಿಕೊಂಡ ವಿಜ್ಞಾನಿ ಪರದೆಯ ಮೇಲೆ: ಮೂರು ತೊಗಲುಗೊಂಬೆ, ಒಂದು ಮನೆ

ಊರು ಸುಡಲು ಯಂತ್ರ ಕಟ್ಟಿದ ಹುಚ್ಚು ವಿಜ್ಞಾನಿ ತಪ್ಪು ತಿಳಿದು ಹೆಂಡತಿ ಮಗಳ ಹತ್ತಿರ ಮರಳುವ ಕಥೆಯನ್ನು, ದೀಪ ಹಚ್ಚಿ ಪರದೆಯ ಹಿಂದೆ ಆಡುವ ತೊಗಲುಗೊಂಬೆಯಾಟದಲ್ಲಿ, ಒಂದೇ ಗೊಂಬೆಯಿಂದ ಆಡಿಸಲು ಹೋಗಬೇಡಿ. ತೊಗಲಿನ ಮುಖ ಬದಲಾಗದು. ರಾಮಾಯಣದ ಆಟದಲ್ಲೂ ಒಂದೇ ಪಾತ್ರಕ್ಕೆ ಸನ್ನಿವೇಶಕ್ಕೊಂದು ಗೊಂಬೆ ಇರುವುದು ಇದಕ್ಕೇ. ಇವನಿಗೆ ಮೂರು ಬೇಕು: ಹುಚ್ಚು ಏರಿದವನು, ಯಂತ್ರ ಒಡೆದು ಕುಂತವನು, ಮನೆಗೆ ಬಂದವನು.

ಆಡಿನ ಹಸಿ ತೊಗಲು ತನ್ನಿ. ಹದ ಮಾಡಿದ ಚರ್ಮದಲ್ಲಿ ಬೆಳಕು ದಾಟುವುದಿಲ್ಲ. ನೆನೆಸಿ, ಕೂದಲು ಹೆರೆದು, ಒಳಬದಿಯ ಕೊಬ್ಬನ್ನು ಚೂರೂ ಬಿಡದೆ ತೆಗೆದು, ಸುತ್ತಲೂ ಗೂಟ ಹೊಡೆದು ಬಿಗಿಯಾಗಿ ಎಳೆದು ನೆರಳಲ್ಲಿ ಒಣಗಿಸಿ. ಕೊಬ್ಬು ಉಳಿದ ಕಡೆ ಬಣ್ಣ ಹಿಡಿಯದೆ ಪರದೆಯ ಮೇಲೆ ಮಬ್ಬು ಕಲೆ ಕಾಣುತ್ತದೆ. ಕೊಪ್ಪಳದ ಬೇಸಿಗೆ ಬಿಸಿಲಿಗೆ ಹಾಕಿದರಂತೂ ಅಂಚು ಸುರುಳಿ ಸುತ್ತುತ್ತದೆ. ದೀಪಕ್ಕೆ ಹಿಡಿದಾಗ ಹಿಂದಿನ ಬೆರಳು ಕಂಡರೆ ತೊಗಲು ತಯಾರು.

ಮೂರಕ್ಕೂ ಮೂಗು, ಗದ್ದ ಒಂದೇ ಕಾಗದದ ಅಚ್ಚಿನಿಂದ ಬರೆಯಿರಿ. ಇಲ್ಲದಿದ್ದರೆ ನೋಡುವವರು ಬೇರೆ ಮನುಷ್ಯ ಬಂದನೆಂದುಕೊಳ್ಳುತ್ತಾರೆ. ತೊಗಲುಗೊಂಬೆಯಲ್ಲಿ ರಾಜರು, ದೇವರು ದೊಡ್ಡವರು, ಆಳುಗಳು ಸಣ್ಣವರು. ಈ ಕಟ್ಟಳೆ ನಮ್ಮ ಕಥೆಗೆ ವರವೇ ಸರಿ. ಮೊದಲನೆಯದು ಎರಡೂವರೆ ಅಡಿ, ಯಂತ್ರವೂ ಅದೇ ತೊಗಲಿನಲ್ಲಿ. ಎರಡನೆಯದು ಎರಡು ಅಡಿ. ಮೂರನೆಯದು ಒಂದೂವರೆ, ಹೆಂಡತಿಯ ಅಳತೆಗೆ ಸರಿಯಾಗಿ.

ಮರದ ದಿಮ್ಮಿಯ ಮೇಲಿಟ್ಟು ಉಳಿ ನೆಟ್ಟಗೆ ಹಿಡಿದು ತೂತು ಹೊಡೆಯಿರಿ. ನಡುವಿನಿಂದ ಹೊರಕ್ಕೆ ಬನ್ನಿ, ಹೊರಗೆರೆ ಕೊನೆಗೆ. ಮೊದಲೇ ಕತ್ತರಿಸಿದರೆ ಅಂಚು ಎದ್ದು ಉಳಿ ಜಾರುತ್ತದೆ. ಎರಡು ತೂತುಗಳ ನಡುವೆ ಜೋಳದ ಕಾಳಿನಷ್ಟಾದರೂ ತೊಗಲು ಉಳಿಯಲಿ, ಇಲ್ಲವಾದರೆ ಆಡಿಸುವಾಗ ಹರಿಯುತ್ತದೆ. ಹುಚ್ಚು ಏರಿದವನ ಮೈತುಂಬ ತೂತು, ಮಿಂಚಲಿ. ಮನೆಗೆ ಬಂದವನಿಗೆ ಕಣ್ಣು, ಕೊರಳಪಟ್ಟಿಯಷ್ಟೇ.

ಬಣ್ಣ ಎರಡೂ ಬದಿಗೆ, ಗೆರೆಗೆ ಗೆರೆ ಕೂಡುವಂತೆ. ಮೂರನೆಯವನ ಮುಖಕ್ಕೆ ಮಾತ್ರ ಬಣ್ಣ ಬೇಡ: ಬರಿ ತೊಗಲು ದೀಪದ ಮುಂದೆ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಅದಕ್ಕಿಂತ ಚಂದದ ಮುಖವನ್ನು ಕುಂಚ ಕೊಡಲಾರದು.

ಹೆಂಡತಿ, ಮಗಳು, ಒಲೆ ಮೂರೂ ಒಂದೇ ತೊಗಲಿನಲ್ಲಿ ಬರಲಿ. ಒಲೆಯ ಪಕ್ಕ ಅವನು ಕೂರುವಷ್ಟು ಜಾಗ ಕತ್ತರಿಸಿ ತೆರವು ಬಿಡಿ, ಅವನಿಗಿಂತ ಎರಡು ಬೆರಳು ಅಗಲ. ಅಳತೆ ತಪ್ಪಿ ತೊಗಲ ಮೇಲೆ ತೊಗಲು ಬಿದ್ದರೆ ಅಲ್ಲಿ ಕತ್ತಲಾಗಿ, ಕೂಡಿದ ಗಳಿಗೆಯೇ ಹಾಳು. ಪ್ರತಿ ಗೊಂಬೆಗೂ ತಲೆಯಿಂದ ಕಾಲಿನವರೆಗೆ ಸೀಳಿದ ಬಿದಿರು ಕಟ್ಟಿ, ಕೆಳಗೆ ಒಂದು ಗೇಣು ಹಿಡಿಕೆ ಬಿಡಿ.

ಗೊಂಬೆಯನ್ನು ಪರದೆಗೆ ಒತ್ತಿದರೆ ಗೆರೆ ಸ್ಪಷ್ಟ. ದೀಪದ ಕಡೆ ಸರಿಸಿದರೆ ನೆರಳು ಹಿಗ್ಗಿ ಕದಡುತ್ತದೆ, ಇದು ಮೊದಲನೆಯವನಿಗೆ ಮಾತ್ರ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರ ಪದ್ಮಶ್ರೀ ತಂದ ಕಲೆ ಇದು. ಈ ಭಾಗದ ಮೇಳಗಳ ಆಟ ಸಿಕ್ಕರೆ ಪರದೆಯ ಹಿಂದೆ ನಿಂತು ಅವರ ಕೈ ನೋಡಿ.

ತಿದ್ದಿಕೊಂಡವನನ್ನು ನೇರ ಮನೆಗೆ ನುಗ್ಗಿಸಬೇಡಿ. ಮೊದಲು ಈ ಆಟದ ನಗೆಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಊರವರು ಕೇಳುವುದನ್ನೆಲ್ಲ ಕೇಳಲಿ: "ಸುಟ್ಟ ಬಣವಿ ಯಾರು ಕೊಡ್ತಾರೊ?" ಅವನು ತಲೆ ತಗ್ಗಿಸಿ ನಿಲ್ಲಲಿ, ಹೆಂಡತಿಯೂ ಮಾತಾಡದಿರಲಿ. ಒಲೆಯ ಪಕ್ಕದಿಂದ ಮಗಳ ದನಿಯೊಂದೇ ಬರಲಿ: "ಯಪ್ಪಾ, ರೊಟ್ಟಿ ಆರಾಕ ಹತ್ಯಾವ, ಬಾ." ತಾಳ ನಿಲ್ಲಿಸಿ, ಗೊಂಬೆಯನ್ನು ಪರದೆಯಿಂದ ಎತ್ತದೆ ಮೆಲ್ಲಗೆ ಆ ತೆರವಿಗೆ ಸರಿಸಿ.