ಮೊದಲು ಮಗುಚಿ, ಆಮೇಲೆ ಪ್ಯಾಡಲ್ ಹಿಡಿಯಿರಿ: ಸೀತಾ ಹೊಳೆಯಲ್ಲಿ ನನ್ನ ಅನುಭವ

ಉಡುಪಿ ಕಡೆಯ ಸೀತಾ ಹೊಳೆಯಲ್ಲಿ ನಾನು ಜನರನ್ನು ಕಯಾಕ್ (ಪ್ಯಾಡಲ್ ಹಾಕಿ ನಡೆಸುವ ಸಣ್ಣ ದೋಣಿ) ಸವಾರಿಗೆ ಕರೆದುಕೊಂಡು ಹೋಗುತ್ತೇನೆ. ಈ ಸೀಸನ್ನಿನಲ್ಲಿ ನಮ್ಮ ಗುಂಪಿನ ಕಯಾಕ್‌ಗಳು ಹತ್ತು ಹದಿನೈದು ಸಲ ಮಗುಚಿವೆ. ಒಂದು ಸಲವೂ ನಾನು ನೀರಿಗೆ ಹಾರಬೇಕಾಗಲಿಲ್ಲ. ಬಿದ್ದವರೇ ಎರಡು ಮೂರು ನಿಮಿಷದಲ್ಲಿ ಹತ್ತಿ ಕೂತರು. ಖುಷಿಯಿಂದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮೂರು ವರ್ಷದ ಹಿಂದೆ ಹೊರಡುವ ಮೊದಲೇ ಎಲ್ಲರಿಂದ ಕಯಾಕ್ ಮಗುಚಿಸಲು ಶುರು ಮಾಡಿದಾಗ "ಮಂಡೆ ಸಮ ಇಲ್ವಾ ಮಾರಾಯಾ, ದುಡ್ಡು ಕೊಟ್ಟು ಬಂದವರನ್ನು ನೀರಿಗೆ ಕೆಡವುತ್ತೀಯಾ?" ಎಂದವರು ಒಬ್ಬಿಬ್ಬರಲ್ಲ.

ಮಾಡುವುದು ಇಷ್ಟೇ. ಹೊರಡುವ ಮೊದಲು ಸೊಂಟ ಮಟ್ಟದ ನೀರಿನಲ್ಲಿ ಪ್ರತಿಯೊಬ್ಬರೂ ಒಂದು ಸಲ ಕಯಾಕ್ ಮಗುಚಬೇಕು, ತಾವೇ ಹತ್ತಬೇಕು. ಸುಮಾರು 20 ನಿಮಿಷ ಬೇಕು. ಮೊದಲ ತಿಂಗಳು ಕಾಲು ಭಾಗ ಜನ ಬಟ್ಟೆ ಒದ್ದೆಯಾಗುತ್ತದೆ ಅಂತ ವಾಪಸ್ ಹೋದರು. ನಾನು ಬಿಡಲಿಲ್ಲ.

ಅದಕ್ಕೆ ಕಾರಣ ಕಯಾಕ್ ಓಡಿಸಲು ಶುರು ಮಾಡಿದ ಮೊದಲ ವರ್ಷದ ಒಂದು ಮಧ್ಯಾಹ್ನ. ಇಳಿತದ ನೀರು ಸಮುದ್ರದ ಕಡೆ ಎಳೆಯುತ್ತಿತ್ತು, ಪಡುಗಾಳಿ ಎದುರಿಂದ ಹೊಡೆಯುತ್ತಿತ್ತು. ಹೀಗೆ ನೀರು ಒಂದು ಕಡೆ, ಗಾಳಿ ಇನ್ನೊಂದು ಕಡೆ ಆದರೆ ಅಳಿವೆ (ಹೊಳೆ ಸಮುದ್ರ ಸೇರುವ ಜಾಗ) ಹತ್ತಿರ ಅಲೆ ನೆಟ್ಟಗೆ ಏಳುತ್ತದೆ. ಇಬ್ಬರು ಮಗುಚಿದರು. ಲೈಫ್ ಜಾಕೆಟ್ ಕಿವಿವರೆಗೆ ಮೇಲೆದ್ದು ಬಂತು, ಹತ್ತಲು ಗೊತ್ತಿರಲಿಲ್ಲ. ಮೀನು ಹಿಡಿಯುವ ದೋಣಿಯವರು ಬಂದು ಎತ್ತಿದರು. ದಡದಲ್ಲಿ ಅರ್ಧ ಗಂಟೆ ನಾನು ಎಲ್ಲ ಹೇಳಿಕೊಟ್ಟಿದ್ದೆ. ಬಾಯಲ್ಲಿ ಹೇಳಿದ್ದು ನೀರಿನಲ್ಲಿ ನೆನಪಿರುವುದಿಲ್ಲ, ಕೈಗೆ ರೂಢಿ ಆಗಿರಬೇಕು.

ಆಮೇಲೆ ಜಾಕೆಟ್ ಕಡೆ ತಿರುಗಿದೆ. 20 ಜಾಕೆಟ್, ಒಂದಕ್ಕೆ 650 ರೂಪಾಯಿ ಇರಬೇಕು. ಒಂದೊಂದಕ್ಕೂ 5 ಕಿಲೋ ಕಲ್ಲು ಕಟ್ಟಿ ಹೊಳೆಗೆ ಬಿಟ್ಟೆ. ಎಲ್ಲವೂ ತೇಲಿದವು. ನಿಶ್ಚಿಂತೆಯಿಂದ ಒಂದು ಸೀಸನ್ ಓಡಿಸಿದೆ. ತಪ್ಪು ಎಲ್ಲಿತ್ತು ಅಂತ ಆಮೇಲೆ ಹೊಳೆಯಿತು. 5 ಕಿಲೋ ಕಲ್ಲು ನೀರಿನೊಳಗೆ 3 ಕಿಲೋದಷ್ಟೇ ಎಳೆಯುತ್ತದೆ. 5 ಕಿಲೋ ಕಬ್ಬಿಣ ಆದರೆ 4 ಕಿಲೋ ಮೇಲೆಯೇ. 50 ನ್ಯೂಟನ್ (ತೇಲಿಸುವ ಬಲದ ಅಳತೆ) ಜಾಕೆಟ್ ಅಂದರೆ 5 ಕಿಲೋದಷ್ಟು ಎತ್ತಬೇಕು ತಾನೇ? ತಕ್ಕಡಿಯ 5 ಕಿಲೋ ಕಬ್ಬಿಣದ ಬಟ್ಟು ತಂದು, ಜಾಕೆಟ್‌ಗಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಮತ್ತೆ ಕಟ್ಟಿದೆ. 20ರಲ್ಲಿ 8 ಮುಳುಗಿದವು! ಒಳಗಿನ ಫೋಮ್ ನೀರು ಕುಡಿದಿತ್ತು. 13 ಸಾವಿರ ಹೋದರೆ ಹೋಗಲಿ ಅಂತ ಇಪ್ಪತ್ತನ್ನೂ ತೆಗೆದುಹಾಕಿದೆ. ಈಗಿನವು ಒಂದಕ್ಕೆ 2,200ರ ಹತ್ತಿರ. ತೊಡೆ ಸಂದಿನ ಪಟ್ಟಿಯನ್ನು ನಾವೇ ಹೊಲಿಸಿದ್ದೇವೆ, ಈಗ ಮಕ್ಕಳ ಜಾಕೆಟ್ ಮೇಲೆ ಜಾರುವುದಿಲ್ಲ. ಪ್ರತಿ ಅಕ್ಟೋಬರ್‌ನಲ್ಲಿ ಬಟ್ಟಿನ ಪರೀಕ್ಷೆ ಇದ್ದೇ ಇರುತ್ತದೆ.

ನಡುವೆ ಬೇರೆ ಬೇರೆ ಪ್ರಯೋಗಗಳೂ ಆದವು. ಚಿಕ್ಕಂದಿನಲ್ಲಿ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು ಈಜು ಕಲಿತವನು ನಾನು, ಅದನ್ನೇ ಹಗ್ಗಕ್ಕೆ ಕಟ್ಟಿ ಬಿದ್ದವರ ಕಡೆ ಎಸೆದು ನೋಡಿದೆ. ತೇಲುತ್ತದೆ ನಿಜ, ಆದರೆ ತಲೆಗೆ ಬಿದ್ದರೆ ಕಷ್ಟ. ಸೋರೆ ಬುರುಡೆ ಎರಡನೇ ವಾರಕ್ಕೇ ಒಡೆಯಿತು. ಕೊನೆಗೆ ಗೆದ್ದಿದ್ದು ಅಡುಗೆ ಎಣ್ಣೆಯ 5 ಲೀಟರ್ ಖಾಲಿ ಕ್ಯಾನ್. ಒಳಗೆ ಸ್ವಲ್ಪ ನೀರು ಬಿಟ್ಟು ಮುಚ್ಚಳ ಬಿಗಿ ಮಾಡಿದರೆ ಗಾಳಿಗೆ ಹಾರದೆ ದೂರ ಹೋಗುತ್ತದೆ. 

ಹೊತ್ತಿನ ಲೆಕ್ಕ ಇನ್ನೊಂದು. ನೀರು ಏರುವಾಗ ಕಾಂಡ್ಲಾ ಕಾಡಿನ (ಉಪ್ಪು ನೀರಿನಲ್ಲಿ ಬೆಳೆಯುವ ಮರಗಳ ಕಾಡು) ಕಡೆ ಮೇಲಕ್ಕೆ ಹೋಗುತ್ತೇವೆ, ಇಳಿತ ಜೋರಾಗುವ ಮೊದಲೇ ದಡ ಸೇರುತ್ತೇವೆ. ಭರತ (ಉಬ್ಬರ) ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ "ಬೆಳಿಗ್ಗೆ 7ಕ್ಕೆ" ಅಂತ ಒಂದೇ ಟೈಮ್ ಬೋರ್ಡ್ ಹಾಕಲು ಆಗುವುದಿಲ್ಲ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನಲ್ಲಿ ನೀರಿನ ಸೆಳೆತ ಜೋರು, ಆಗ ಹೊತ್ತಿನ ಲೆಕ್ಕ ಇನ್ನೂ ಬಿಗಿ. ಇದರಿಂದ ವಾರಕ್ಕೆ ಎರಡು ಮೂರು ಬುಕಿಂಗ್ ತಪ್ಪುತ್ತದೆ. ತಪ್ಪಲಿ. ಮಳೆಗಾಲ ಪೂರ್ತಿ ಬಂದ್.

ದಪ್ಪ ಇರುವವರು ಹೇಗೆ ಹತ್ತುತ್ತಾರೆ ಅಂತ ತುಂಬಾ ಜನ ಕೇಳುತ್ತಾರೆ. ಹಗ್ಗದ ಒಂದು ಕುಣಿಕೆ ಇದೆ, ಅದಕ್ಕೊಂದು ಅಳತೆ ಇದೆ. ಅದನ್ನು ಬರೆಯುವುದಿಲ್ಲ, ಓದಿಕೊಂಡು ಅರ್ಧಂಬರ್ಧ ಮಾಡಿದರೆ ಕಾಲು ಸಿಕ್ಕಿಕೊಳ್ಳುತ್ತದೆ. ದಡಕ್ಕೆ ಬನ್ನಿ, ಕೈ ಹಿಡಿದು ತೋರಿಸುತ್ತೇನೆ.

ಮಂಡೆ ಸಮ ಇಲ್ವಾ ಎಂದವರಲ್ಲಿ ಒಬ್ಬರು ಹೋದ ತಿಂಗಳು ನನ್ನ ಬಟ್ಟು ಕೇಳಿಕೊಂಡು ಬಂದರು. ಅವರ 22 ಜಾಕೆಟ್‌ಗಳನ್ನು ಇಬ್ಬರೂ ಸೇರಿ ನೆನೆಸಿಟ್ಟೆವು. ಬೆಳಿಗ್ಗೆ ನೋಡಿದರೆ 9 ಮುಳುಗಿದವು. ಅವರು ಅವತ್ತಿನ ಬುಕಿಂಗ್ ಅಷ್ಟನ್ನೂ ಕ್ಯಾನ್ಸಲ್ ಮಾಡಿದರು.